ಗೋಡೆಯ ಮೇಲೆ ಕಾಣದ ಕೂಲಿಯ ದರ

ನಮ್ಮ ಮನೆಗಳ ಹದಿಹರೆಯದ ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಆಟಗಳಲ್ಲಿ ‘ರೋಲ್‌ಪ್ಲೇ ಸರ್ವರ್’ ಎಂಬುದೂ ಒಂದು ಬಗೆ. ಅಲ್ಲಿ ಗೆಲುವು ಸೋಲುಗಳು ಮುಖ್ಯವಲ್ಲ. ಆಟಗಾರರೆಲ್ಲ ಸೇರಿ ಒಂದು ಕಾಲ್ಪನಿಕ ನಗರವನ್ನು ನಡೆಸುತ್ತಾರೆ. ಒಬ್ಬ ಟ್ಯಾಕ್ಸಿ ಓಡಿಸುತ್ತಾನೆ, ಒಬ್ಬಳು ವೈದ್ಯೆಯಾಗುತ್ತಾಳೆ, ಮತ್ತೊಬ್ಬ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ಸಿಗುವುದು ಆಟದ ದುಡ್ಡು ಮಾತ್ರ. ಆದರೂ ಯಾವ ಕೆಲಸಕ್ಕೆ ಎಷ್ಟು ಸಂಬಳ, ಎಷ್ಟು ಹೊತ್ತಿಗೊಮ್ಮೆ ಬಟವಾಡೆ ಎಂಬುದನ್ನು ನಡೆಸುವವರು ನಿಯಮವಾಗಿ ಗೊತ್ತುಪಡಿಸುತ್ತಾರೆ. ದರ ಅನ್ಯಾಯವೆನಿಸಿದರೆ ಮಕ್ಕಳು ತಕರಾರು ತೆಗೆಯುತ್ತಾರೆ, ಇಲ್ಲವೇ ಆ ನಗರವನ್ನೇ ತೊರೆಯುತ್ತಾರೆ. ಹಿರಿಯರಿಗೆ ಇದು ಹುಡುಗಾಟವೆನಿಸಬಹುದು. ನಮಗೆ ಮಾತ್ರ ನೆನಪಾದದ್ದು ಧಾರಾವಿ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ ಸಯನ್ ಕಡೆಗೆ ಹೊರಡುವ ನಮ್ಮವರಿಗೆ ಧಾರಾವಿ ದೂರದ ಊರಲ್ಲ. ಅರುವತ್ತಡಿ ರಸ್ತೆ, ತೊಂಬತ್ತಡಿ ರಸ್ತೆಗಳ ಒಳಗಲ್ಲಿಗಳಲ್ಲಿ ಚರ್ಮದ ಚೀಲ, ಸಿದ್ಧ ಉಡುಪು, ಜರಿ ಕಸೂತಿ ಎಲ್ಲವೂ ತಯಾರಾಗುತ್ತವೆ. ಅನೇಕರಿಗೆ ಅಲ್ಲಿ ಕೂಲಿ ದಿನದ ಲೆಕ್ಕದ್ದಲ್ಲ, ನಗದ ಲೆಕ್ಕದ್ದು: ಒಂದು ಅಂಗಿಗೆ ಇಷ್ಟು, ಒಂದು ಪಾಕೀಟಿಗೆ ಇಷ್ಟು. ಆ ‘ಇಷ್ಟು’ ಎಂಬುದು ಸಾಮಾನ್ಯವಾಗಿ ಧಣಿಯ ಬಾಯಲ್ಲಿರುತ್ತದೆ. ಧಾರಾವಿ ಪುನರಭಿವೃದ್ಧಿಯ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ 350 ಚದರ ಅಡಿಯ ಮನೆ ಯಾರಿಗೆ ಎಂಬ ಚರ್ಚೆ. ಅಟ್ಟದ ಮೇಲೆ ಹೊಲಿದು ಅಲ್ಲಿಯೇ ಮಲಗುವ ಕಾರೀಗರನ ಕೂಲಿ ಸುದ್ದಿಯಾಗುವುದು ಅಪರೂಪ.

2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯನ್ನು ಈ ದೃಷ್ಟಿಯಿಂದ ಓದಬೇಕು. 1948ರ ಕನಿಷ್ಠ ವೇತನ ಕಾಯಿದೆ ಸೇರಿದಂತೆ ನಾಲ್ಕು ಹಳೆಯ ಕಾಯಿದೆಗಳು ಇದರಲ್ಲಿ ಲೀನವಾದವು. ಹೆಚ್ಚು ಚರ್ಚೆಗೆ ಬಾರದ ಇದರ 50ನೇ ಕಲಮು ನಮಗೆ ಬಹು ಮುಖ್ಯವೆನಿಸುತ್ತದೆ. ಯಾವ ದರ್ಜೆಯ ಕೆಲಸಕ್ಕೆ ಯಾವ ದರ, ಬಟವಾಡೆಯ ದಿನ ಯಾವುದು ಎಂಬುದನ್ನು ಪ್ರತಿಯೊಬ್ಬ ಮಾಲಿಕನೂ ಎದ್ದು ಕಾಣುವ ಸ್ಥಳದಲ್ಲಿ ಪ್ರಕಟಿಸಬೇಕು, ವೇತನದ ಚೀಟಿ ಕೊಡಬೇಕು. ವಿನಾಯಿತಿ ಇರುವುದು ಬೇಸಾಯಕ್ಕೆ ಅಥವಾ ಮನೆಗೆಲಸಕ್ಕೆ ಐವರನ್ನು ಮೀರದಂತೆ ಇಟ್ಟುಕೊಂಡವರಿಗೆ ಮಾತ್ರ. ನಾಲ್ಕು ಹೊಲಿಗೆ ಯಂತ್ರಗಳ ಗಾಳೆಗಿಲ್ಲ. ನಗದ ಲೆಕ್ಕದವನಿಗೂ ಸಮಯದ ಲೆಕ್ಕದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಬಾಕಿ ಕೇಳಲು ಕನಿಷ್ಠ ವೇತನ ಕಾಯಿದೆಯಲ್ಲಿ ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲಿಕನದು. ಚೀಟಿಯ ಬೆಲೆಯನ್ನು ಬ್ಯಾಂಕಿನಲ್ಲಿ ಕುಳಿತ ನಾವು ಬಲ್ಲೆವು: ಅದಿಲ್ಲದ ದುಡಿಮೆಗಾರನ ಸಾಲದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ನಗದ ಲೆಕ್ಕವೆಂದರೆ ಮೋಸವೆಂದೇನೂ ಅಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಮನೆಗಳಿಂದ ಬಂದವರು ನಮ್ಮಲ್ಲಿ ಕಡಿಮೆಯೇ? ಸಾವಿರ ಬೀಡಿಗೆ ಇಷ್ಟೆಂಬ ದರವಿತ್ತು. 1966ರ ಬೀಡಿ ಕಾರ್ಮಿಕರ ಕಾಯಿದೆಯಿತ್ತು. ಎಲೆ ಕಡಿಮೆ ತೂಗಿದರು, ಕಟ್ಟಿದ್ದನ್ನು ತಿರಸ್ಕರಿಸಿದರು ಎಂಬ ಜಗಳಗಳೂ ಇದ್ದವು. ಆದರೆ ದರ ಊರಿಗೆಲ್ಲ ತಿಳಿದಿದ್ದುದರಿಂದಲೇ ಆ ಜಗಳ ಸಾಧ್ಯವಾಯಿತು. ಇದೇ ಮುಂಬಯಿಯ ಗಿರ್‌ಗಾಂವ್‌ನಲ್ಲಿ 1959ರಲ್ಲಿ ಏಳು ಮಂದಿ ಸ್ತ್ರೀಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಹಪ್ಪಳದ ಸಂಸ್ಥೆಯಲ್ಲಿಯೂ ಕೂಲಿ ಲಟ್ಟಿಸಿದ ಹಪ್ಪಳದ ತೂಕದ ಮೇಲೆಯೇ. ಜೊತೆಗೆ ಲಾಭದಲ್ಲಿ ಪಾಲು.

ಕಾಗದದ ಕಲಮು ಗಲ್ಲಿಗೆ ಇಳಿಯುವುದು ಸುಲಭವಲ್ಲ. ಹಳೆಯ ಇನ್ಸ್‌ಪೆಕ್ಟರ್ ಈಗ ‘ಸಹಾಯಕ’ನೂ ಹೌದು, ಮೊಕದ್ದಮೆಗೆ ಮುನ್ನ ಮಾಲಿಕನಿಗೆ ತಿದ್ದಿಕೊಳ್ಳುವ ಅವಕಾಶ ಕೊಡಬೇಕು. ಗಾಳೆಯ ಮಾಲಿಕನೂ ದೊಡ್ಡ ಕುಳವಲ್ಲ, ಮೇಲಿನ ವ್ಯಾಪಾರಿ ಹೇಳಿದ ದರಕ್ಕೆ ತಲೆಬಾಗಿದವನು. ದರ ಗೋಡೆಗೇರಿದರೆ ಅವನಿಗೂ ವ್ಯಾಪಾರಿಯ ಮುಂದೆ ತೋರಿಸಲು ಒಂದು ಆಧಾರ ಸಿಕ್ಕೀತು. ಕಾರೀಗರನ ಪಾಡೋ ಬೇರೆಯೇ. ಆಟದ ನಗರ ಬೇಸರವಾದರೆ ಎದ್ದುಹೋಗಬಹುದು; ತಂಗಿಯ ಮದುವೆಗೆಂದು ಮುಂಗಡ ಪಡೆದವನು ಎಲ್ಲಿಗೆ ಹೋದಾನು? ಕಡಿತಗಳೆಲ್ಲ ಸೇರಿ ವೇತನದ ಅರ್ಧವನ್ನು ಮೀರಬಾರದೆಂದು ಸಂಹಿತೆ ಹೇಳುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ 1982ರಲ್ಲಿಯೇ ತೀರ್ಪಿತ್ತಿದೆ.

ಇನ್ನೊಂದು ಮಾತು. ನಮ್ಮ ಸಮಾಜದಲ್ಲಿ ಮಾಲಿಕರೂ ಇದ್ದಾರೆ, ವಿಶೇಷವಾಗಿ ಹೋಟೆಲು, ಕ್ಯಾಂಟೀನುಗಳಲ್ಲಿ. ಊಟ-ವಸತಿ ಕೊಟ್ಟು ಊರಿನ ಹುಡುಗರನ್ನು ಬೆಳೆಸಿದ, ರಾತ್ರಿ ಶಾಲೆಗೆ ಕಳುಹಿಸಿದ ಧಣಿಗಳ ಋಣ ದೊಡ್ಡದು. ಆದರೆ ಸಂಬಳವೆಷ್ಟೆಂದು ಕೇಳುವುದೇ ಅವಿಧೇಯತೆ ಎನಿಸಿದ್ದ ಕಾಲವೂ ಅದೇ. 50ನೇ ಕಲಮು ಧಾರಾವಿಯ ಗಾಳೆಗಷ್ಟೇ ಅಲ್ಲ, ಹೋಟೆಲಿಗೂ ಅನ್ವಯಿಸುತ್ತದೆ. ಗಲ್ಲಾದ ಮೇಲಿನ ಗೋಡೆಯಲ್ಲಿ ಇಡ್ಲಿ-ವಡೆಯ ದರಪಟ್ಟಿ ತೂಗುತ್ತಿದೆ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಇನ್ನೊಂದು ಪಟ್ಟಿಗೆ ಜಾಗವಿದೆ.