ಕಿಟ್ ಹಂಚಿದೆವು, ಅರ್ಜಿ ತುಂಬಿಸಲಿಲ್ಲ

ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತಿದ್ದಾಗ ಓದಿ. ಕೆಲವರಿಗೆ ಕೋಪ ಬರಬಹುದು, ಬರಲಿ.

ಮೊನ್ನೆ ಒಂದು ಸಭೆಯಲ್ಲಿ ಕೊರೋನಾ ಕಾಲದಲ್ಲಿ ನಮ್ಮ ಸಂಘಟನೆಗಳು ಏನು ಮಾಡಿದವು ಅಂತ ಮಾತು ಬಂತು. ಒಬ್ಬೊಬ್ಬರೂ ಲೆಕ್ಕ ಕೊಟ್ಟರು. ಇಷ್ಟು ಕೇರಿಗೆ ರೇಷನ್ ಕಿಟ್, ಇಷ್ಟು ಮಾಸ್ಕು, ಇಷ್ಟು ಊಟದ ಪೊಟ್ಟಣ. ನಾನೂ ಹೇಳಿದೆ. ಅಕ್ಕಿ ಮೂಟೆ ಹೊತ್ತವನೂ ನಾನೇ, ಫೋಟೋ ತೆಗೆದು ಇಲ್ಲೇ ಹಾಕಿದವನೂ ನಾನೇ. ಆವತ್ತು ಅದು ಬೇಕಿತ್ತು, ಆ ಬಗ್ಗೆ ತಕರಾರಿಲ್ಲ. ಆದರೆ ಕೆಲಸ ಕಳೆದುಕೊಂಡ ಎಷ್ಟು ಜನರಿಗೆ ನಿರುದ್ಯೋಗ ಪರಿಹಾರದ ಅರ್ಜಿ ಹಾಕಿಸಿದೆವು ಅಂತ ಸಭೆಯಲ್ಲಿ ಒಬ್ಬರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ನನ್ನ ಲೆಕ್ಕ ಹೇಳ್ತೀನಿ. ಮೂರು ಅರ್ಜಿ. ದುಡ್ಡು ಬಂದಿದ್ದು ಒಂದಕ್ಕೆ.

ಹಾಗೊಂದು ಪರಿಹಾರ ಇತ್ತಾ ಅಂತ ಈಗಲೂ ಕೇಳೋರಿದ್ದಾರೆ. ಇತ್ತು. ಇಎಸ್‌ಐ ಇರುವ ಕಾರ್ಮಿಕರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ, 2018ರ ಜುಲೈನಿಂದಲೇ. (ಹೆಸರು ಕೇಳಿ ನಮ್ಮ ಕೇರಿಯ ಅಕ್ಕ ಒಬ್ಬರು "ಭೀಮಪ್ಪನ ಯೋಜನೇನಾ ಅಣ್ಣ?" ಅಂದಿದ್ದರು. ಬೀಮಾ ಅಂದ್ರೆ ವಿಮೆ ಅಂತ ಬಿಡಿಸಿ ಹೇಳೋ ಹೊತ್ತಿಗೆ ಸಾಕಾಯ್ತು. ಕೇರಿಗೆ ಅರ್ಥವಾಗದ ಹೆಸರಿಡೋದರಲ್ಲಿ ದಿಲ್ಲಿಯವರನ್ನ ಮೀರಿಸೋರಿಲ್ಲ.) ಕೆಲಸ ಹೋದರೆ ಸರಾಸರಿ ಸಂಬಳದ ಕಾಲು ಭಾಗ, 90 ದಿನದವರೆಗೆ, ಜೀವನದಲ್ಲಿ ಒಂದು ಸಲ. ಲಾಕ್‌ಡೌನ್ ಶುರುವಾಗಿದ್ದು ಮಾರ್ಚ್ 24ರ ರಾತ್ರಿ. ಕಾಲು ಭಾಗವನ್ನ ಅರ್ಧಕ್ಕೆ ಏರಿಸೋಣ ಅಂತ ಇಎಸ್‌ಐ ನಿಗಮ ತೀರ್ಮಾನ ಮಾಡಿದ್ದು 2020ರ ಆಗಸ್ಟ್ 20ಕ್ಕೆ. ನಡುವಿನ ಐದು ತಿಂಗಳು ಜನ ಏನು ತಿಂದರು ಅಂತ ನಿಮಗೆಲ್ಲ ಗೊತ್ತು.

ಆ ತೀರ್ಮಾನದಲ್ಲಿ ಒಳ್ಳೆಯದೂ ಇತ್ತು. ಕೆಲಸ ಹೋದ 90 ದಿನದ ಬದಲು 30 ದಿನಕ್ಕೇ ಪರಿಹಾರ ಕೇಳಬಹುದು, ಮಾಲೀಕನ ಮೂಲಕ ಹೋಗಬೇಕಿಲ್ಲ, ನೇರ ಇಎಸ್‌ಐ ಶಾಖೆಗೆ ಅರ್ಜಿ ಕೊಡಬಹುದು. ಮೊದಲು ಡಿಸೆಂಬರ್ 31ರವರೆಗೆ ಅಂದರು, ಆಮೇಲೆ 2021ರ ಜೂನ್, ಆಮೇಲೆ 2022ರ ಜೂನ್ ಅಂತ ಯೋಜನೆಯನ್ನ ಮುಂದುವರಿಸುತ್ತಾ ಹೋದರು. ದಿನಾಂಕ ಮುಂದೆ ಹೋಯ್ತು, ಸುದ್ದಿ ಮಾತ್ರ ನಮ್ಮ ಬೀದಿಗೆ ಬರಲಿಲ್ಲ.

ಆ ಅಕ್ಕನ ವಿಷಯಕ್ಕೇ ಬರ್ತೀನಿ. ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್, ತಿಂಗಳಿಗೆ ಒಂಬತ್ತು ಸಾವಿರ ಚಿಲ್ಲರೆ. 2020ರ ಜುಲೈನಲ್ಲಿ "ಆರ್ಡರ್ ಬಂದಾಗ ಫೋನ್ ಮಾಡ್ತೀವಿ" ಅಂತ ಕಳಿಸಿದರು. ಲೆಕ್ಕ ಚುಕ್ತಾ ಮಾಡ್ತೀವಿ ಅಂತ ಕರೆದು ಇಂಗ್ಲಿಷ್ ಹಾಳೆಯೊಂದಕ್ಕೆ ಸಹಿ ಹಾಕಿಸಿಕೊಂಡರು. ಅದು ರಾಜೀನಾಮೆ ಅಂತ ಗೊತ್ತಾಗಿದ್ದು ಡಿಸೆಂಬರ್‌ನಲ್ಲಿ, ನಾವು ಅರ್ಜಿ ಹಿಡಿದು ಹೋದಾಗ. ಕಂಪ್ಯೂಟರ್‌ನಲ್ಲಿ ತಾನಾಗೇ ಕೆಲಸ ಬಿಟ್ಟಿದ್ದಾರೆ ಅಂತ ತೋರಿಸ್ತಿತ್ತು. ಸ್ವಂತ ಇಚ್ಛೆಯಿಂದ ನಿವೃತ್ತಿ ತಗೊಂಡೋರಿಗೆ ಈ ಪರಿಹಾರ ಇಲ್ಲ. ಮನೇಲಿ ಎರಡು ಮಕ್ಕಳು, ಗಂಡನಿಗೂ ಕೆಲಸ ಇಲ್ಲ, ಬಾಡಿಗೆ ನಾಲ್ಕು ತಿಂಗಳದು ಬಾಕಿ. ಯಾರ್ರೀ ಸ್ವಂತ ಇಚ್ಛೆಯಿಂದ ಕೆಲಸ ಬಿಡ್ತಾರೆ?

ಮಾಲೀಕನ ಮೂಲಕ ಹೋಗಬೇಕಿಲ್ಲ ಅನ್ನೋ ರಿಯಾಯಿತಿ ಎಷ್ಟು ಟೊಳ್ಳು ಅಂತ ನನಗೆ ಅರ್ಥವಾಗಿದ್ದು ಅಲ್ಲೇ. ಅರ್ಜಿ ನೇರ ಕೊಡಬಹುದು ಸರಿ. ಆದರೆ ನೀನು ಯಾವತ್ತು ಸೇರಿದೆ, ಎಷ್ಟು ದಿನ ದುಡಿದೆ, ಯಾಕೆ ಹೋದೆ ಅನ್ನೋದೆಲ್ಲ ಅವನು ಬರೆದಿದ್ದೇ. ನೋಟರಿ ಹತ್ರ ಅಫಿಡವಿಟ್ ಮಾಡಿಸಿದೆವು, ಆಮೇಲೆ ಗೊತ್ತಾಯ್ತು ಅಫಿಡವಿಟ್ ಬೇಡ ಅಂತ ನವೆಂಬರ್‌ನಲ್ಲೇ ಹೇಳಿಬಿಟ್ಟಿದ್ದಾರೆ. ಆಧಾರ್‌ನಲ್ಲಿ ಒಂದು ಹೆಸರು, ಇಎಸ್‌ಐನಲ್ಲಿ ಇನ್ನೊಂದು, ಅದನ್ನ ಸರಿಮಾಡಿಸೋಕೆ ಮೂರು ವಾರ. ಕೊನೆಗೆ ಸೂಪರ್‌ವೈಸರ್ ಕಳಿಸಿದ್ದ "ಬರಬೇಡಿ" ಅನ್ನೋ ವಾಟ್ಸಾಪ್ ಮೆಸೇಜು, ಜೊತೆಯ ಹೆಣ್ಣುಮಕ್ಕಳ ಸಹಿ ಇದ್ದ ಪತ್ರ, ಎರಡನ್ನೂ ಲಗತ್ತಿಸಿದ ಮೇಲೆ 2021ರ ಮಾರ್ಚ್‌ನಲ್ಲಿ ಖಾತೆಗೆ 13,000 ಚಿಲ್ಲರೆ ಬಂತು. ನಮ್ಮ ಕಿಟ್ಟು ಒಂದಕ್ಕೆ 600 ರೂಪಾಯಿ ಬಿದ್ದಿತ್ತು, ಲೆಕ್ಕ ನೀವೇ ಹಾಕಿ.

"ಇದು ಯಾರು ಕೊಟ್ಟಿದ್ದು ಅಣ್ಣ? ಮೋದಿನಾ, ಯಡಿಯೂರಪ್ಪನಾ?" ಅಂತ ಕೇಳಿದರು. ನಿಮ್ದೇ ದುಡ್ಡಕ್ಕ ಅಂದೆ. ಸಂಬಳದ ಮುಕ್ಕಾಲು ಪರ್ಸೆಂಟ್ ಅವರದು ಹಿಡೀತಾರೆ, ಮಾಲೀಕ ಮೂರೂಕಾಲು ಪರ್ಸೆಂಟ್ ಕಟ್ಟಬೇಕು. ಒಂಬತ್ತು ಸಾವಿರಕ್ಕೆ ತಿಂಗಳಿಗೆ 360 ರೂಪಾಯಿ. ವರ್ಷಗಟ್ಟಲೆ ಕಟ್ಟಿದ್ದರು, ಕಟ್ಟಿದ್ದೇ ಗೊತ್ತಿರಲಿಲ್ಲ.

ಎರಡನೇ ಅರ್ಜಿ ಒಬ್ಬ ತಮ್ಮಂದು, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಲಿಲ್ಲ, ಬಿದ್ದುಹೋಯ್ತು. ಮೂರನೆಯದು ಇವತ್ತಿಗೂ ಹೊಟ್ಟೆ ಉರಿಸುತ್ತೆ. ಹೌಸ್‌ಕೀಪಿಂಗ್‌ನಲ್ಲಿದ್ದ ಹೆಣ್ಣುಮಗಳು, ಗಾಜಿನ ಕಟ್ಟಡದಲ್ಲಿ ಟಾಯ್ಲೆಟ್ ತೊಳೆಯೋ ಕೆಲಸ. ಕಂಟ್ರಾಕ್ಟರ್ ತಿಂಗಳಾ ತಿಂಗಳಾ ಇಎಸ್‌ಐ ಅಂತ ಹಿಡಿದಿದ್ದ. ನೋಡಿದರೆ ಆಕೆ ಹೆಸರಲ್ಲಿ ನಂಬರೇ ಇಲ್ಲ. ಅವನ ಫೋನು ಸ್ವಿಚ್ ಆಫ್. ನಾವು ಅಲ್ಲಿಗೇ ಕೈಬಿಟ್ಟೆವು. ಕಂಟ್ರಾಕ್ಟರ್ ಮೂಲಕ ಇಟ್ಟುಕೊಂಡವರ ವಂತಿಗೆಯನ್ನೂ ಮೂಲ ಮಾಲೀಕನೇ ಮೊದಲು ಕಟ್ಟಬೇಕು ಅಂತ ಆಗಿನ ಇಎಸ್‌ಐ ಕಾಯ್ದೆಯ 40ನೇ ಕಲಮಿನಲ್ಲಿತ್ತು. ಇದು ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ. ಅಷ್ಟೊತ್ತಿಗೆ ಆಕೆ ಊರಿಗೆ ಹೋಗಿದ್ದರು. ಇಲ್ಲಿ ತಪ್ಪು ಕಂಟ್ರಾಕ್ಟರ್‌ದು ಮಾತ್ರ ಅಲ್ಲ, ಕಾನೂನು ಓದದ ನನ್ನದೂ ಹೌದು.

ನಮ್ಮೋರಲ್ಲಿ ಇಎಸ್‌ಐ ಇರೋರು ಎಷ್ಟು ಜನ, ಇದೆಲ್ಲ ನಮ್ಮ ಹೋರಾಟ ಅಲ್ಲ ಅಂತಾರೆ ಕೆಲವು ಸಂಗಾತಿಗಳು. ಕೂಲಿಯವರಿಗೆ, ಮನೆಗೆಲಸದವರಿಗೆ, ಚಪ್ಪಲಿ ಹೊಲಿಯೋರಿಗೆ ಇದು ಸಿಗಲಿಲ್ಲ, ನಿಜ. ಅವರಿಗೂ ಸಿಗಬೇಕು ಅಂತ ಕೇಳಲೇಬೇಕು. ಆದರೆ ಗಾರ್ಮೆಂಟ್ಸ್ ಲೈನುಗಳಲ್ಲಿ, ಆಸ್ಪತ್ರೆ ವಾರ್ಡುಗಳಲ್ಲಿ, ಟೆಕ್ ಪಾರ್ಕಿನ ಟಾಯ್ಲೆಟ್ಟುಗಳಲ್ಲಿ ಇರೋರು ಯಾರು ಅಂತ ಒಂದು ಸಲ ಹೋಗಿ ನೋಡಿ ಬನ್ನಿ.

ಇನ್ನೊಂದು ಮಾತು. ಪ್ರತಿ ಏಪ್ರಿಲ್ 14ಕ್ಕೆ ಬಾಬಾಸಾಹೇಬರು ಕಾರ್ಮಿಕರಿಗೆ ಏನು ಮಾಡಿದರು ಅಂತ ಭಾಷಣ ಮಾಡ್ತೀವಿ. ಈ ಇಎಸ್‌ಐಗೆ ತಳಪಾಯ ಹಾಕಿದ ಅಡಾರ್ಕರ್ ವರದಿ ಬಂದಿದ್ದು 1944ರಲ್ಲಿ, ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಬಾಬಾಸಾಹೇಬರು ಕಾರ್ಮಿಕ ಖಾತೆ ನೋಡ್ತಿದ್ದಾಗ. 1948ರಲ್ಲಿ ಕಾಯ್ದೆ ಆದಾಗ ಕಾರ್ಮಿಕ ಮಂತ್ರಿ ಬಾಬು ಜಗಜೀವನ್ ರಾಮ್. ನಮ್ಮ ಹಿರಿಯರು ವಿಮೆ ಅಂತ ಮಾಡಿಟ್ಟಿದ್ದನ್ನ ನಮ್ಮ ಜನ ದಾನ ಅಂದುಕೊಂಡು ಕೌಂಟರ್ ಮುಂದೆ ಕೈಮುಗಿದು ನಿಂತಿದ್ದರು. ಪಕ್ಕದಲ್ಲಿ ನಿಂತು ಇದು ನಿಮ್ಮ ಹಕ್ಕು ಅನ್ನೋಕೆ ನಾವಿರಲಿಲ್ಲ.

ಈಗ ಮಾಡಬಹುದಾದ್ದು ಇಷ್ಟು. ನಿಮ್ಮ ಬೀದೀಲಿ ಸಂಬಳದಲ್ಲಿ ಇಎಸ್‌ಐ ಹಿಡಿಸಿಕೊಳ್ತಿರೋರನ್ನೆಲ್ಲ ಒಂದು ಭಾನುವಾರ ಕೂರಿಸಿ. ಪೇಸ್ಲಿಪ್ ನೋಡಿ, ಹತ್ತಂಕಿಯ ವಿಮಾ ನಂಬರ್ ಇದೆಯಾ ನೋಡಿ, ಆಧಾರ್ ಹೆಸರು ತಾಳೆ ಆಗುತ್ತಾ ನೋಡಿ, ಪ್ರತಿ ತಿಂಗಳ ವಂತಿಗೆ ಬಿದ್ದಿದೆಯಾ ಆನ್‌ಲೈನ್‌ನಲ್ಲಿ ತೆಗೆದು ತೋರಿಸಿ. ಓದಿಸಿಕೊಳ್ಳದೆ ಯಾವ ಹಾಳೆಗೂ ಸಹಿ ಹಾಕಬೇಡಿ ಅಂತ ಹೇಳಿ. ನಮ್ಮ ಏರಿಯಾದಲ್ಲಿ ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅಂಬೇಡ್ಕರ್ ಭವನದಲ್ಲಿ ಕೂರ್ತೀವಿ. ಲ್ಯಾಪ್‌ಟಾಪ್ ಇರೋ ಹುಡುಗರು ಇಬ್ಬರು ಬೇಕು, ಬರೋರು ಇನ್‌ಬಾಕ್ಸ್ ಮಾಡಿ.