ಕರೆಂಟು ಹೋದರೆ ಕಾರ್ಡ್‌ಲೆಸ್ ಫೋನು ಏನಾಗುತ್ತದೆ?

ಒಬ್ಬ ತಾಯಿ ಬರೆದಿದ್ದಾರೆ: ‘ಮಗಳು ದ್ವಿತೀಯ ಪಿಯುಸಿ. ಪರೀಕ್ಷೆ ಮುಗಿಯುವ ತನಕ ಮೊಬೈಲ್ ಬೇಡವೆಂದು ಅವಳೂ ಒಪ್ಪಿದ್ದಾಳೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅವಳು ಕಾಲೇಜಿನಿಂದ ನಾಲ್ಕಕ್ಕೆ ಬಂದರೆ ನಾವು ಮನೆ ಸೇರುವುದು ಏಳಕ್ಕೆ. ಮನೆಯಲ್ಲಿ ಅತ್ತೆ ಇದ್ದಾರೆ, ಮಂಡಿ ನೋವು. ಫೋನು ಇರುವುದು ಕೆಳಗೆ, ಮಗಳು ಓದುವುದು ಮಹಡಿಯಲ್ಲಿ. ಕಾರ್ಡ್‌ಲೆಸ್ ಕೊಳ್ಳಬಹುದೇ?’

ಖಂಡಿತ ಕೊಳ್ಳಬಹುದು. ಆದರೆ ಅಂಗಡಿಗೆ ಹೊರಡುವ ಮುಂಚೆ ನಮ್ಮ ಮನೆಯ ಕಥೆ ಸ್ವಲ್ಪ ಕೇಳಿ.

2011ರ ಮಳೆಗಾಲ. ಹೊಸ ಕಾರ್ಡ್‌ಲೆಸ್ ಬಂದ ಖುಷಿಯಲ್ಲಿ ಹಳೆಯ ಫೋನನ್ನು ಅಟ್ಟಕ್ಕೆ ಹಾಕಿದ್ದೆ. ಒಂದು ಸಂಜೆ ಆಫೀಸಿನಿಂದ ಮನೆಗೆ ಫೋನು ಮಾಡಿದರೆ ರಿಂಗ್ ಆಗುತ್ತಿದೆ, ಎತ್ತುವವರಿಲ್ಲ. ಎಂಟು ಸಲ ಮಾಡಿರಬೇಕು. ಮನೆಯಲ್ಲಿ ಏಳನೇ ಕ್ಲಾಸಿನ ಮಗ, ಜೊತೆಗೆ ನಮ್ಮ ತಾಯಿ. ಏನೇನೋ ಯೋಚನೆ ಬಂತು. ಮಳೆಯಲ್ಲೇ ಆಟೋ ಹಿಡಿದು ಓಡಿ ಬಂದರೆ ಅಜ್ಜಿ ಮೊಮ್ಮಗ ಮೇಣದಬತ್ತಿ ಹಚ್ಚಿಕೊಂಡು ಚೌಕಾಬಾರ ಆಡುತ್ತಿದ್ದಾರೆ! ‘ಫೋನೇ ಬರಲಿಲ್ಲವಲ್ಲಪ್ಪ’ ಎಂದರು ಅಮ್ಮ. ಅವರು ಹೇಳಿದ್ದು ಸತ್ಯ. ಕರೆಂಟು ಹೋಗಿತ್ತು. ಎಕ್ಸ್‌ಚೇಂಜು ನನ್ನ ಕಿವಿಗೆ ರಿಂಗ್ ಕೇಳಿಸುತ್ತಿತ್ತು, ಆದರೆ ಮನೆಯಲ್ಲಿದ್ದ ಬೇಸ್‌ಗೆ ಜೀವವಿರಲಿಲ್ಲ.

ತಾಮ್ರದ ತಂತಿಯ ಹಳೆಯ ಫೋನಿಗೆ ಈ ತೊಂದರೆ ಇರಲಿಲ್ಲ. ಅದಕ್ಕೆ ಬೇಕಾದ 48 ವೋಲ್ಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬಡಿದುಕೊಳ್ಳುತ್ತಿತ್ತು. ಕಾರ್ಡ್‌ಲೆಸ್‌ನ ಬೇಸ್ ನಿಮ್ಮ ಮನೆಯ ಕರೆಂಟಿನಿಂದಲೇ ನಡೆಯಬೇಕು. ಕೈಯಲ್ಲಿರುವ ಸೆಟ್ಟಿನ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ.

ಈಗಂತೂ ಅನೇಕ ಮನೆಗಳಿಗೆ ಲ್ಯಾಂಡ್‌ಲೈನ್ ಬರುವುದು ಇಂಟರ್‌ನೆಟ್ಟಿನ ಫೈಬರ್ ಕೇಬಲ್ಲಿನಲ್ಲಿ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಗೋಡೆಯ ಮೇಲಿನ ಫೈಬರ್ ಮೋಡೆಮ್ ಆರಿದರೆ ತಂತಿಯ ಫೋನೂ ಸತ್ತ ಹಾಗೆಯೇ. ಆದ್ದರಿಂದ ಮನೆಯಲ್ಲಿ ಯುಪಿಎಸ್ ಇದ್ದರೆ ಮೋಡೆಮ್ ಮತ್ತು ಬೇಸ್ ಎರಡೂ ಯುಪಿಎಸ್ ಲೈನಿನ ಪ್ಲಗ್ಗಿನಲ್ಲೇ ಇರಬೇಕು. ಟಿವಿಗೆ ಆ ಲೈನು ಕೊಟ್ಟು ಫೋನಿಗೆ ಕೊಡದ ಮನೆಗಳನ್ನು ನಾನು ನೋಡಿದ್ದೇನೆ. ಯುಪಿಎಸ್ ಇಲ್ಲದವರಿಗೆ ಮೋಡೆಮ್‌ಗೆಂದೇ ಮಾಡಿದ ಪುಟ್ಟ ಬ್ಯಾಟರಿ ಪೆಟ್ಟಿಗೆಗಳು ಸಿಗುತ್ತವೆ. ಮೋಡೆಮ್ಮಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟನ್ನು ನೋಡಿಕೊಂಡೇ ಕೊಳ್ಳಿ. ಅದರ ಜೊತೆ ಒಂದು ಸಾದಾ ತಂತಿ ಫೋನು ಇಟ್ಟುಕೊಂಡರೆ ಸಾಕು, ಅದಕ್ಕೆ ಬೇರೆ ಪ್ಲಗ್ಗು ಬೇಕಿಲ್ಲ.

ಇನ್ನು ಆಯ್ಕೆಯ ವಿಷಯ. ತೊಂಬತ್ತರ ದಶಕದ ಕಾರ್ಡ್‌ಲೆಸ್ಸುಗಳು ನೆನಪಿವೆಯೇ? ಪಕ್ಕದ ಮನೆಯಲ್ಲೂ ಅಂಥದೇ ಸೆಟ್ಟಿದ್ದರೆ ಅವರ ಮಗಳ ಮದುವೆ ಮಾತುಕತೆ ನಮ್ಮ ಕಿವಿಗೆ ಬೀಳುತ್ತಿತ್ತು. 46–49 ಮೆಗಾಹರ್ಟ್ಸ್‌ನಲ್ಲಿ ಮಾತು ಬಿಚ್ಚಿಟ್ಟ ಹಾಗೆ ಹೋಗುತ್ತಿತ್ತು. ಈಗಿನವು ಮಾತನ್ನು ಅಂಕಿಗಳನ್ನಾಗಿಸಿ ಕಳಿಸುತ್ತವೆ. ಡಬ್ಬದ ಮೇಲೆ ‘ಡೆಕ್ಟ್’ ಎಂದು ಇದೆಯೇ ನೋಡಿ. 2.4 ಗಿಗಾಹರ್ಟ್ಸ್ ಎಂದಿದ್ದರೆ ಯೋಚಿಸಿ, ವೈಫೈ ಕೂಡ ಅದೇ ದಾರಿಯಲ್ಲಿ ಓಡಾಡುವುದರಿಂದ ಎರಡಕ್ಕೂ ಜಗಳ. 1.8 ಅಥವಾ 1.9 ಎಂದಿದ್ದರೆ ಆ ಕಾಟವಿಲ್ಲ.

ಅಮೆರಿಕದ ಸಂಬಂಧಿಕರು ತಂದುಕೊಡುತ್ತೇವೆಂದರೆ ನಯವಾಗಿ ಬೇಡವೆನ್ನಿ. ಅಲ್ಲಿಯ ‘ಡೆಕ್ಟ್ 6.0’ ಸೆಟ್ಟುಗಳು 1920ರಿಂದ 1930 ಮೆಗಾಹರ್ಟ್ಸ್ ಬಳಸುತ್ತವೆ, ಅದು ನಮ್ಮಲ್ಲಿ ಮನೆಯ ಫೋನಿಗೆ ಬಿಟ್ಟುಕೊಟ್ಟ ಜಾಗವಲ್ಲ. 120 ವೋಲ್ಟಿನ ಅಡಾಪ್ಟರನ್ನು ನಮ್ಮ 230ಕ್ಕೆ ಚುಚ್ಚಿದರೆ ಏನಾಗುತ್ತದೆಂದು ನಮ್ಮ ಮನೆಯ ಗೋಡೆಯ ಮಸಿಯೇ ಹೇಳುತ್ತದೆ.

ಒಂದೇ ಬೇಸ್‌ಗೆ ಎರಡು ಹ್ಯಾಂಡ್‌ಸೆಟ್ ಇರುವ ಜೋಡಿಯನ್ನೇ ಕೊಳ್ಳಿ. ಒಂದು ಅಜ್ಜಿಯ ಮಂಚದ ಬಳಿ, ಇನ್ನೊಂದು ಮಹಡಿಯಲ್ಲಿ. ಎರಡರ ನಡುವೆ ಇಂಟರ್‌ಕಾಂ ಇದ್ದರೆ ಅಜ್ಜಿ ಕೂಗಿ ಕರೆಯಬೇಕಿಲ್ಲ, ಹುಡುಗಿ ಹತ್ತಿ ಇಳಿಯಬೇಕಿಲ್ಲ. ಅಜ್ಜಿಯ ಸೆಟ್ಟಿನ ಅಂಕಿಗಳು ದೊಡ್ಡದಾಗಿರಲಿ. ಹಾಡು ಬರುವ ರಿಂಗುಟೋನು, ಬಣ್ಣದ ಪರದೆ ಇವಕ್ಕೆಲ್ಲ ಹೆಚ್ಚು ದುಡ್ಡು ಕೊಡುವುದು ದಂಡ.

ಬೇಸ್ ಎಲ್ಲಿಡಬೇಕು? ಬಯಲಿನಲ್ಲಿ 300 ಮೀಟರ್, ಮನೆಯೊಳಗೆ 50 ಮೀಟರ್ ಎಂದು ಕೈಪಿಡಿ ಹೇಳುತ್ತದೆ. ನಮ್ಮ ಕಾಂಕ್ರೀಟ್ ತಾರಸಿ ಅಷ್ಟಕ್ಕೆ ಬಿಡುವುದಿಲ್ಲ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ ಇವುಗಳ ಪಕ್ಕ ಇಡಬೇಡಿ. ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಸಾಧ್ಯವಾದರೆ ಮಹಡಿ ಮೆಟ್ಟಿಲ ಹತ್ತಿರ ಇಡಿ. ಲೈನು ಮುಂಬಾಗಿಲ ಹತ್ತಿರವೇ ಇದೆ ಎಂದು ಬೇಸನ್ನೂ ಅಲ್ಲೇ ಕೂರಿಸಬೇಕಿಲ್ಲ, ಉದ್ದದ ತಂತಿ ಹಾಕಿಸಿದರಾಯಿತು. ಮೊದಲ ದಿನವೇ ಯಾರಿಗಾದರೂ ಫೋನು ಹಚ್ಚಿ, ಮಾತನಾಡುತ್ತಾ ಹಿತ್ತಲು, ಬಚ್ಚಲು, ತಾರಸಿ ಎಲ್ಲ ಸುತ್ತಿ ಬನ್ನಿ. ಎಲ್ಲಿ ಕರಕರ ಎನ್ನುತ್ತದೆಂದು ಗೊತ್ತಾಗುತ್ತದೆ.

ಬಳಸುವ ಮೊದಲು ಒಂದು ರಾತ್ರಿ ಚಾರ್ಜಿಗಿಡಿ. ಒಳಗಿನ ಸೆಲ್ಲುಗಳು ಮತ್ತೆ ಮತ್ತೆ ಚಾರ್ಜ್ ಆಗುವಂಥವು, ಒಂದೊಂದೂ 1.2 ವೋಲ್ಟು. ಅವು ಸೋತಾಗ ಗಡಿಯಾರದ ಸಾದಾ ಸೆಲ್ಲು ಹಾಕಿ ಚಾರ್ಜಿಗಿಟ್ಟೀರಿ, ಜೋಕೆ! ಸೋರಬಹುದು, ಸಿಡಿಯಲೂಬಹುದು. ಹಾಕುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಹೆಚ್ಚಿನವರು ಎಡವುವುದು ನಂಬರು ತುಂಬಿಸುವಲ್ಲಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕು. ಮೊಬೈಲಿನಲ್ಲಿ ಇದ್ದ ಹಾಗೆ ಹತ್ತೇ ಅಂಕಿ ತುಂಬಿಸಿಟ್ಟರೆ ಬೇಕಾದ ಹೊತ್ತಿಗೆ ಕರೆ ಹೋಗುವುದಿಲ್ಲ. ಒಂದನೇ ಗುಂಡಿಗೆ ಅಮ್ಮ, ಎರಡಕ್ಕೆ ಅಪ್ಪ, ಮೂರಕ್ಕೆ ಪಕ್ಕದ ಮನೆ, ಎಲ್ಲಕ್ಕೂ ಸೊನ್ನೆ ಸೇರಿಸಿಯೇ ಇಡಿ. ಪೊಲೀಸ್, ಆಂಬುಲೆನ್ಸಿಗೆ 112, ಅದಕ್ಕೆ ಸೊನ್ನೆ ಬೇಡ. ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬೇಸ್ ಮೇಲಿನ ಗೋಡೆಗೂ ಅಂಟಿಸಿ.

ಕೊನೆಗೆ ಒಂದು ಭಾನುವಾರ ನೀವಿಬ್ಬರೂ ಮಾರುಕಟ್ಟೆಗೆ ಹೋಗಿ. ಹೋಗುವಾಗ ಮನೆಯ ಮೇನ್ ಸ್ವಿಚ್ ಆರಿಸಿ. ಹತ್ತು ನಿಮಿಷದ ಮೇಲೆ ಮಗಳು ಮಹಡಿಯಿಂದ ನಿಮಗೆ ಫೋನು ಮಾಡಲಿ, ಆಮೇಲೆ ನೀವು ಮನೆಗೆ ಮಾಡಿ, ಅಜ್ಜಿ ಎತ್ತಲಿ. ಎರಡೂ ಕರೆ ಬಂದರೆ ತರಕಾರಿ ಕೊಂಡು ನಿಧಾನವಾಗಿ ಬನ್ನಿ.