ಮುದ್ರೆಯೊತ್ತುವವನು ಓಲೆಯನ್ನು ಓದುವುದಿಲ್ಲ

ಅರಸರ ಕಾಲದಲ್ಲಿ ರಾಜಮುದ್ರೆ ಬಿದ್ದ ಓಲೆಯೆಂದರೆ ಅದು ರಾಜನ ಮಾತೇ ಸರಿ. ಮುದ್ರೆ ಕಳುವಾದರೆ ಖಜಾನೆಯ ಬೀಗ ಒಡೆದಂತೆಯೇ. ಆದಕಾರಣ ಮುದ್ರೆಯನ್ನು ನಂಬಿಕಸ್ಥರ ಕೈಯಲ್ಲಿಡುವುದು ರಾಜ್ಯಭಾರದ ಮೊದಲ ಎಚ್ಚರಿಕೆಯಾಗಿತ್ತು. ಆ ಹಳೆಯ ಚಿಂತೆಯೇ ಇಂದು ಗಣಕಯಂತ್ರಗಳ ಲೋಕದಲ್ಲಿ ಹೊಸ ವೇಷ ತೊಟ್ಟು ನಿಂತಿದೆ.

2015ರ ಜುಲೈ 30ರಂದು ಎಥೀರಿಯಮ್ ಎಂಬ ಬ್ಲಾಕ್‌ಚೈನ್ ಆರಂಭವಾಯಿತು. ಲೋಕದ ನಾನಾ ಕಡೆಗಳಲ್ಲಿರುವ ಸಾವಿರಾರು ಗಣಕಯಂತ್ರಗಳು ಒಂದೇ ಲೆಕ್ಕದ ಖಾತೆಯನ್ನು ಕೂಡಿ ಕಾಯುವ ಏರ್ಪಾಡು ಅದು. ಆ ಖಾತೆಯೊಳಗೆ ಹಣದೊಂದಿಗೆ ಕಾರ್ಯಕ್ರಮಗಳನ್ನೂ ಬರೆದಿಡಬಹುದು. ಇವನ್ನೇ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ. ರೈಲ್ವೆ ನಿಲ್ದಾಣದಲ್ಲಿ ಕಾಸು ಹಾಕಿದೊಡನೆ ತೂಕದ ಚೀಟಿ ಕೊಡುವ ಯಂತ್ರವನ್ನು ವಾಚಕರು ನೆನೆದುಕೊಳ್ಳಬಹುದು. ಅದಕ್ಕೆ ದಾಕ್ಷಿಣ್ಯವಿಲ್ಲ, ಕೋಪವಿಲ್ಲ. ನಿಯಮದಂತೆ ಕಾಸು ಬಿದ್ದರೆ ಚೀಟಿ ಹೊರಬರುತ್ತದೆ. ಈ ಕಾಂಟ್ರ್ಯಾಕ್ಟುಗಳ ಸ್ವಭಾವವೂ ಅಂಥದೇ. ಸರಿಯಾದ ಸಹಿಯುಳ್ಳ ಆಜ್ಞೆ ಬಂದರೆ ಕೋಟಿ ಕೋಟಿ ಹಣವನ್ನಾದರೂ ಒಂದು ಕ್ಷಣ ಯೋಚಿಸದೆ ಕೊಟ್ಟುಬಿಡುತ್ತವೆ.

ಆ ಸಹಿಯ ಮೂಲವು 256 ಬಿಟ್‌ಗಳ ಒಂದು ರಹಸ್ಯ ಸಂಖ್ಯೆ. ಅದನ್ನು ಬಲ್ಲವನೇ ಧನಿ. ಅದು ಪರರ ಪಾಲಾದರೆ ದೂರು ಕೇಳಿ ಹಣ ಹಿಂದಿರುಗಿಸುವ ಮ್ಯಾನೇಜರು ಅಲ್ಲಿಲ್ಲ. ದಿನಕ್ಕೆ ನೂರಾರು ಆಜ್ಞೆಗಳನ್ನು ಕಳಿಸಬೇಕಾದ ಸಂಸ್ಥೆಯು ಇಂಥ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡುವಂತಿಲ್ಲ. ತನ್ನ ಯಂತ್ರದಲ್ಲೇ ಬರೆದಿಟ್ಟರೆ ಆ ಯಂತ್ರಕ್ಕೆ ನುಗ್ಗಿದವನಿಗೆ ಅದು ಸುಲಭದ ತುತ್ತು.

ಇದಕ್ಕೆ ದೊರೆತ ಪರಿಹಾರವೇ ಕ್ಲೌಡ್ ಸಂಸ್ಥೆಗಳ ಭದ್ರ ಕೋಠಿ. ದೊಡ್ಡ ಕಂಪನಿಗಳ ಗಣಕಯಂತ್ರಗಳನ್ನು ದೂರದಿಂದಲೇ ಬಾಡಿಗೆಗೆ ಬಳಸುವುದನ್ನು ಕ್ಲೌಡ್ ಎನ್ನುತ್ತಾರೆ. ಅಮೆಜಾನ್ ಸಂಸ್ಥೆಯ ಕೆ.ಎಂ.ಎಸ್. ಎಂಬ ಸೇವೆಯಲ್ಲಿ ಎಥೀರಿಯಮ್‌ಗೆ ಒಪ್ಪುವ ರಹಸ್ಯ ಸಂಖ್ಯೆಯು ಭದ್ರಪಡಿಸಿದ ಸಾಧನದೊಳಗೇ ಹುಟ್ಟುತ್ತದೆ. ಅದರ ಬರಿಯ ರೂಪವು ಅಲ್ಲಿಂದ ಹೊರಗೆ ಬರುವುದಿಲ್ಲ. ಒಡೆಯನೂ ಅದನ್ನು ಕಾಣಲಾರನು.

ಕೆಲಸ ನಡೆಯುವ ಬಗೆ ಹೀಗೆ. ಸಂಸ್ಥೆಯ ಕಾರ್ಯಕ್ರಮವು ಮೊದಲು ಆಜ್ಞಾಪತ್ರವನ್ನು ಸಿದ್ಧಪಡಿಸುತ್ತದೆ: ಯಾವ ಕಾಂಟ್ರ್ಯಾಕ್ಟಿಗೆ, ಯಾವ ಕೆಲಸಕ್ಕೆ, ಎಷ್ಟು ಹಣ, ಶುಲ್ಕದ ಮಿತಿಯೆಷ್ಟು, ಈ ಖಾತೆಯಿಂದ ಹೊರಟ ಎಷ್ಟನೆಯ ಪತ್ರವಿದು. ಒಂದೇ ಕ್ರಮಸಂಖ್ಯೆಯ ಎರಡು ಪತ್ರಗಳು ಹೊರಟರೆ ಒಂದಕ್ಕೆ ಮಾತ್ರ ಖಾತೆಯಲ್ಲಿ ಸ್ಥಾನ. ಖಾತೆಗೆ ಸೇರಿದ ಪತ್ರವನ್ನು ಕಾಂಟ್ರ್ಯಾಕ್ಟು ತಿರಸ್ಕರಿಸಿದರೂ ಪಟ್ಟ ಶ್ರಮದ ಶುಲ್ಕವು ಹೋದದ್ದೇ. ಬಳಿಕ ಇಡೀ ಪತ್ರವನ್ನು ಗಣಿತದ ಗಾಣಕ್ಕೆ ಹಾಕಿ 32 ಬೈಟ್‌ಗಳ ಗುರುತನ್ನು ತೆಗೆಯುತ್ತಾರೆ. ಕೋಠಿಗೆ ಹೋಗುವುದು ಆ ಗುರುತು ಮಾತ್ರ. ಕೋಠಿಯು ಸಹಿಯನ್ನು ಮರಳಿಸುತ್ತದೆ. ಅದನ್ನು ಲಗತ್ತಿಸಿದ ಪತ್ರವು ಜಾಲವನ್ನು ಸೇರುತ್ತದೆ. 2022ರ ಸೆಪ್ಟೆಂಬರಿನಿಂದೀಚೆಗೆ ಸುಮಾರು 12 ಸೆಕೆಂಡುಗಳಿಗೊಮ್ಮೆ ಖಾತೆಗೆ ಹೊಸ ಪುಟ ಸೇರುತ್ತಿದೆ. ಹಾಗೆ ಸೇರಿ ಸ್ಥಿರಗೊಂಡುದನ್ನು ಅಳಿಸುವಂತಿಲ್ಲ.

ಇಲ್ಲಿಯೇ ಗಮನಿಸಬೇಕಾದ ಅಂಶವೊಂದಿದೆ. ಕೋಠಿಯ ಕಣ್ಣಿಗೆ ಬೀಳುವುದು ಆ 32 ಬೈಟ್‌ಗಳಷ್ಟೆ. ಪತ್ರದಲ್ಲಿ ನೌಕರರ ಸಂಬಳವಿದೆಯೋ, ಸಂಸ್ಥೆಯ ಸರ್ವಸ್ವವನ್ನೂ ಪರರಿಗೆ ಒಪ್ಪಿಸುವ ಮಾತಿದೆಯೋ, ಅದಕ್ಕೆ ತಿಳಿಯದು. ಕೇಳಿದವನಿಗೆ ಸಹಿ ಪಡೆಯುವ ಅನುಮತಿಯುಂಟೆ ಎಂಬುದೊಂದೇ ಅದರ ಪ್ರಶ್ನೆ. ಆ ಅನುಮತಿಯನ್ನು ಕದ್ದವನಿಗೆ ರಹಸ್ಯ ಸಂಖ್ಯೆಯನ್ನು ಕದಿಯುವ ಅಗತ್ಯವೇ ಇಲ್ಲ.

ಓದದೆ ಹಾಕಿದ ಸಹಿಯ ಬೆಲೆಯೇನೆಂಬುದು 2025ರ ಫೆಬ್ರವರಿ 21ರಂದು ಲೋಕಕ್ಕೆ ತಿಳಿಯಿತು. ದುಬೈನಲ್ಲಿ ಕೇಂದ್ರವುಳ್ಳ ಬೈಬಿಟ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು 4 ಲಕ್ಷ ಈಥರ್ ನಾಣ್ಯಗಳು, ಅಂದರೆ ಹೆಚ್ಚು ಕಡಿಮೆ 150 ಕೋಟಿ ಡಾಲರುಗಳ ಆಸ್ತಿ, ಅಪಹೃತವಾಯಿತು. ಅಲ್ಲಿ ಸಹಿಯ ಸಂಖ್ಯೆಗಳು ಕ್ಲೌಡ್‌ನಲ್ಲಿರಲಿಲ್ಲ. ಅಧಿಕಾರಿಗಳ ಬಳಿಯ ಪುಟ್ಟ ಸಾಧನಗಳಲ್ಲಿದ್ದವು. ಒಬ್ಬರ ಸಹಿ ಸಾಲದು, ಹಲವರದು ಬೇಕೆಂಬ ನಿಯಮವೂ ಇತ್ತು. ಕಳ್ಳರು ಆ ಸಂಖ್ಯೆಗಳ ಗೋಜಿಗೇ ಹೋಗಲಿಲ್ಲ. ಸಹಿಗಾಗಿ ಪತ್ರವನ್ನು ತೆರೆಯ ಮೇಲೆ ತೋರಿಸುವ ಕಾರ್ಯಕ್ರಮವನ್ನು ಮತ್ತೊಂದು ಸಂಸ್ಥೆ ಒದಗಿಸುತ್ತಿತ್ತು. ಆ ಕಾರ್ಯಕ್ರಮವನ್ನೇ ಗುಟ್ಟಾಗಿ ತಿದ್ದಿದರು. ಅಧಿಕಾರಿಗಳಿಗೆ ಕಂಡದ್ದು ನಿತ್ಯದ ಹಣ ವರ್ಗಾವಣೆ; ಅವರು ಸಹಿ ಹಾಕಿದ್ದು ಖಾತೆಯ ಆಡಳಿತವನ್ನೇ ಪರರಿಗೆ ಒಪ್ಪಿಸುವ ಆಜ್ಞೆಗೆ. ಇದು ಉತ್ತರ ಕೊರಿಯದ ಕೈವಾಡವೆಂದು ಅಮೆರಿಕದ ಎಫ್.ಬಿ.ಐ. ಕೆಲವೇ ದಿನಗಳಲ್ಲಿ ಸಾರಿತು.

ಹಾಗೆಂದು ಭದ್ರ ಕೋಠಿಯು ನಿರರ್ಥಕವೆಂದು ತಿಳಿಯಬಾರದು. ರಹಸ್ಯ ಸಂಖ್ಯೆಯನ್ನು ಬಯಲಲ್ಲಿ ಬಿಸುಟಿರುವುದಕ್ಕಿಂತ ಅದು ನೂರು ಪಾಲು ಲೇಸು. ಯಾರು, ಯಾವಾಗ ಸಹಿ ಕೇಳಿದರೆಂಬ ದಾಖಲೆಯೂ ಅಲ್ಲಿ ಉಳಿಯುತ್ತದೆ. ಆದರೆ ಕೋಠಿಯ ಬಾಗಿಲಿಗೆ ಮುನ್ನ ಓದುಬಲ್ಲ ಕಾವಲುಗಾರನೊಬ್ಬನನ್ನು ನಿಲ್ಲಿಸಬೇಕು. ಹೆಸರಿಸಿದ ಕಾಂಟ್ರ್ಯಾಕ್ಟುಗಳಿಗಲ್ಲದೆ ಬೇರೆಡೆಗೆ ಪತ್ರ ಹೋಗದಂತೆಯೂ, ದಿನಕ್ಕಿಷ್ಟೇ ಹಣವೆಂದೂ ಕಟ್ಟು ಮಾಡಬಹುದು. ದೊಡ್ಡ ಮೊತ್ತವಾದರೆ ಪತ್ರವನ್ನು ಸಿದ್ಧಪಡಿಸಿದ ಯಂತ್ರದಲ್ಲಿಯೇ ನೋಡಿ ತೃಪ್ತಿಪಡದೆ, ಬೇರೊಂದು ಯಂತ್ರದಲ್ಲಿ ಬಿಡಿಸಿ ಓದಿ, ಅದರ ಪರಿಣಾಮವನ್ನು ಪ್ರಯೋಗಿಸಿ ನೋಡಿದ ಮೇಲೆಯೇ ಸಹಿಗೆ ಕಳಿಸಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಹಿರಿಯರು ನಗುತ್ತಿದ್ದರು. ಈ ಊರಿನ ಬಾಗಿಲಾದರೋ ಪ್ರತಿಯೊಂದು ಸಹಿಗೂ ಹೊಸದಾಗಿ ತೆರೆದುಕೊಳ್ಳುತ್ತದೆ. ಪತ್ರವನ್ನು ಓದುವ ಶ್ರಮವನ್ನೂ ಪ್ರತಿ ಸಲವೂ ಹೊಸದಾಗಿಯೇ ಪಡಬೇಕು.